ಬುದ್ಧಿಮಟ್ಟವಲ್ಲ, ಬುದ್ಧಿಮುಟ್ಟ್

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲಿಲ್ಲ. ಸಿಟ್ಟು ಬಂದಿತ್ತು, ಸಿಟ್ಟಿನಲ್ಲಿ ಮಾತು ಜಾರುತ್ತದೆ. "ನಿಮ್ಮ ಕಡೆ ಬುದ್ಧಿವಂತ ಎನ್ನುವುದಕ್ಕೂ ನೆಟ್ಟಗೆ ಒಂದು ಕನ್ನಡ ಪದ ಇಲ್ಲವೇ? ಒಬ್ಬರು ಉಷಾರು ಎನ್ನುತ್ತಾರೆ, ಇನ್ನೊಬ್ಬರು ಮಂಡೆ ಉಂಟು ಎನ್ನುತ್ತಾರೆ, ಮತ್ತೊಬ್ಬರು ವಿವರ ಇದೆ ಎನ್ನುತ್ತಾರೆ. ಇದು ಯಾವ ಕನ್ನಡ?" ಎಂದಿರಿ. ಕಾಸರಗೋಡಿನ ಕನ್ನಡ. ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ, ಓದಿ.

ಮೊದಲು ನಿಮ್ಮ ಮೈಸೂರಿನ 'ಬುದ್ಧಿ'ಯನ್ನೇ ನೋಡಿ. ಬುದ್ಧಿ ಹೇಳಿದರು ಎಂದರೆ ಉಪದೇಶ, ಬುದ್ಧಿ ಕಲಿಸಿದರು ಎಂದರೆ ಶಿಕ್ಷೆ. ತನ್ನ ಬುದ್ಧಿ ತೋರಿಸಿಬಿಟ್ಟ ಎಂದರೆ ಅದು ಅವನ ಹೀನ ಸ್ವಭಾವ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯಲ್ಲಿ ಅದೇ ಪದ ಅನುಭವವಾಗುತ್ತದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಆಳುಗಳು ಒಡೆಯನನ್ನು ಕರೆಯುತ್ತಿದ್ದುದೂ 'ಬುದ್ಧೀ' ಎಂದೇ. ಇಂಗ್ಲಿಷಿನ ಇಂಟೆಲಿಜೆನ್ಸ್ ಕೂಡ ನಿಮ್ಮ ಪತ್ರಿಕೆಯ ಒಂದು ಪುಟದಲ್ಲಿ ಗುಪ್ತಚರ ಇಲಾಖೆಯಾಗಿರುತ್ತದೆ, ಪುಟ ಮಗುಚಿದರೆ ಕೃತಕ ಬುದ್ಧಿಮತ್ತೆಯಾಗಿರುತ್ತದೆ. ಇಷ್ಟೆಲ್ಲ ಅರ್ಥಗಳನ್ನು ಹೊತ್ತ ಮಾತು ನಿಮಗೆ ಶುದ್ಧವಾಗಿ ಕೇಳಿಸುತ್ತದೆ, ನಮ್ಮ ಉಷಾರು ಮಾತ್ರ ಕಲಬೆರಕೆ ಎನಿಸುತ್ತದೆ. ಹುಷಾರು ಫಾರಸಿಯಿಂದ ಬಂದ ಪದ. ಅದರ ಮೂಲದಲ್ಲಿರುವುದು ಎಚ್ಚರ. ಆದ್ದರಿಂದಲೇ 'ಹುಷಾರಾಗಿ ಹೋಗಿ ಬಾ' ಎನ್ನುತ್ತೀರಿ, ಜ್ವರ ಬಂದರೆ 'ಹುಷಾರಿಲ್ಲ' ಎನ್ನುತ್ತೀರಿ. ಮರಾಠಿಯವರಿಗೆ ಹುಷಾರ್ ಎಂದರೆ ಜಾಣ. ನಾವು ಈ ಮೂರನ್ನೂ ಉಳಿಸಿಕೊಂಡಿದ್ದೇವೆ.

ಬೇರೆ ಗಡಿಗಳಲ್ಲಿಯೂ ಹೀಗೆಯೇ. ನಮ್ಮ ಪೆದ್ದ ತೆಲುಗಿಗೆ ಹೋದರೆ ಹಿರಿಯನಾಗುತ್ತಾನೆ. ಅಲ್ಲಿ ಬುದ್ಧಿಮಂತುಡು ಎಂದರೆ ಹೆಚ್ಚಾಗಿ ಹೇಳಿದ ಮಾತು ಕೇಳುವ ಒಳ್ಳೆಯ ಹುಡುಗ.

ಇನ್ನು 'ವಿವರ'. ನಿಮಗೆ ವಿವರ ಎಂದರೆ ಅರ್ಜಿಯಲ್ಲಿ ತುಂಬಿಸುವುದು. ಮಲಯಾಳದಲ್ಲಿ ಅದು ತಿಳಿವಳಿಕೆಯೂ ಹೌದು. ವಿವರವಿಲ್ಲದವನು ಎಂದರೆ ಏನೂ ತಿಳಿಯದವನು. ಮೂರ್ಛೆ ಹೋದವನಿಗೆ ನಾವು ಪ್ರಜ್ಞೆ ತಪ್ಪಿತು ಎನ್ನುತ್ತೇವೆ, ಅವರು ಬೋಧ ಹೋಯಿತು ಎನ್ನುತ್ತಾರೆ. ಪ್ರಜ್ಞೆ, ಬೋಧ ಎರಡೂ ಸಂಸ್ಕೃತದವು, ಎರಡೂ ಕಡೆಯವರಿಗೆ ಗೊತ್ತಿರುವವು. ನಮ್ಮ ತೊಡಕು ಇರುವುದೇ ಇಲ್ಲಿ. ಪದ ಪೂರ್ತಿ ಅಪರಿಚಿತವಾಗಿದ್ದರೆ ಅರ್ಥವೇನು ಎಂದು ಕೇಳುತ್ತೇವೆ. ಪರಿಚಿತವಾಗಿ ಕಂಡದ್ದನ್ನು ಯಾರೂ ಕೇಳುವುದಿಲ್ಲ.

ನನ್ನ ತಮ್ಮನ ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಳೆ, ಕನ್ನಡ ಮಾಧ್ಯಮ. ಈ ವರ್ಷ ಅವರ ತರಗತಿಗೆ ನೇಮಕವಾಗಿ ಬಂದ ಅಧ್ಯಾಪಕಿಗೆ ಕನ್ನಡ ಬಾರದು. ಇದು ನಮ್ಮಲ್ಲಿ ಹೊಸದಲ್ಲ. ಕನ್ನಡ ಶಾಲೆಗೆ ಕನ್ನಡ ಬಲ್ಲವರನ್ನು ಕಳುಹಿಸಿ ಎಂದು ಮನವಿ ಬರೆದು ಬರೆದು ನಮ್ಮ ಕೈ ಸೋತಿದೆ. ತಮ್ಮನ ಹೆಂಡತಿ ಪುತ್ತೂರಿನವಳು, ಅವಳಿಗೆ ಮಲಯಾಳ ಅಷ್ಟಕ್ಕಷ್ಟೇ. ಹೆತ್ತವರ ಸಭೆಗೆ ಹೋದಾಗ ಅಧ್ಯಾಪಕಿ, "ಕುಟ್ಟಿಕ್ಕ್ ಕಣಕ್ಕಿಲ್ ಬುದ್ಧಿಮುಟ್ಟ್ ಉಂಡ್" ಎಂದರಂತೆ. ಮಗುವಿಗೆ ಲೆಕ್ಕ ಕಷ್ಟವಾಗುತ್ತಿದೆ ಎಂದಷ್ಟೇ ಅದರ ಅರ್ಥ. ಮಲಯಾಳದಲ್ಲಿ ಬುದ್ಧಿಮುಟ್ಟ್ ಎಂದರೆ ತೊಂದರೆ, ತ್ರಾಸ. ಆದರೆ ಇವಳ ಕಿವಿಗೆ ಬಿದ್ದದ್ದು ಬುದ್ಧಿಮಟ್ಟ. ಮಗಳ ಬುದ್ಧಿಮಟ್ಟದಲ್ಲಿ ಏನೋ ದೋಷವಿದೆ ಎಂದುಕೊಂಡು ಮನೆಗೆ ಬಂದು, ಬಾಗಿಲು ಹಾಕಿಕೊಂಡು ಅತ್ತಳು. ಎರಡು ದಿನ ಯಾರಿಗೂ ಕಾರಣ ಹೇಳಲಿಲ್ಲ.

ತಿಳಿದ ಮೇಲೆ ನಾನು ಮಗುವಿನ ಲೆಕ್ಕದ ಪುಸ್ತಕ ತೆರೆದು ಕುಳಿತೆ. ಕೂಡುವ ಲೆಕ್ಕಗಳೆಲ್ಲ ಸರಿ. ಕಳೆಯುವ ಲೆಕ್ಕಗಳ ಮುಂದೆ ಅಂಕಿಗಳನ್ನು ಒಂದರ ಕೆಳಗೊಂದು ಬರೆದು, ಅಡಿಗೆರೆ ಎಳೆದು, ಉತ್ತರದ ಜಾಗ ಖಾಲಿ ಬಿಟ್ಟಿದ್ದಾಳೆ. ಒಂದು ಪುಟದಲ್ಲಿ ಅಳಿಸಿ ಅಳಿಸಿ ಕಾಗದ ತೂತಾಗಿದೆ. ಯಾಕೆಂದು ಕೇಳಿದರೆ, "ಅತ್ತೆ, ಟೀಚರ್ ಕೂಟ್ಟುಕ ಎಂದರೆ ಕೂಡುವುದು ಅಲ್ಲವೇ? ಅದು ಗೊತ್ತಾಯಿತು. ಕುರಯ್ಕ್ಕುಕ ಎಂದರೆ ಏನು ಮಾಡಬೇಕು?" ಎಂದಳು. ಅದು ನಮ್ಮ ಕೊರತೆ ಎಂಬ ಪದದ ಬಳಗದ್ದು. ಆದರೆ ಒಂಬತ್ತು ವರ್ಷದ ಮಗುವಿಗೆ ಅದನ್ನು ಯಾರಾದರೂ ಹೇಳಬೇಕಲ್ಲ! ಯಾರೂ ಹೇಳಿಕೊಡದೆ, ಕಿವಿಗೆ ಬಿದ್ದ ಒಂದು ಪದವನ್ನು ತನ್ನ ಪದಕ್ಕೆ ಹೋಲಿಸಿ ಅರ್ಧ ಪಾಠವನ್ನು ತಾನೇ ಬಿಡಿಸಿಕೊಂಡಿದ್ದಾಳೆ. ಬುದ್ಧಿ ಎಂದರೆ ಇದಕ್ಕಿಂತ ಇನ್ನೇನು ಬೇಕು, ನೀವೇ ಹೇಳಿ.

ಆ ಅಧ್ಯಾಪಕಿ ಕೆಟ್ಟವರಲ್ಲ. ತಮ್ಮ ಭಾಷೆಯಲ್ಲಿ ಮರುಕದಿಂದಲೇ ಆಡಿದ ಮಾತದು. ಅವರನ್ನು ಅಲ್ಲಿಗೆ ಕಳುಹಿಸಿದ ವ್ಯವಸ್ಥೆಯ ಮೇಲೆ ನನ್ನ ಸಿಟ್ಟು. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ತಿಯೋಡೋರ್ ಸಿಮೋನ್ ಪ್ಯಾರಿಸಿನಲ್ಲಿ ಬುದ್ಧಿಯನ್ನು ಅಳೆಯುವ ಪರೀಕ್ಷೆ ಸಿದ್ಧಪಡಿಸಿದ್ದು, ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸುವುದಕ್ಕಾಗಿ. ನಮ್ಮ ಮಕ್ಕಳನ್ನು ಅಳೆಯುವಾಗ ಅಳತೆಗೋಲೇ ಬೇರೆ ಭಾಷೆಯಲ್ಲಿರುತ್ತದೆ. ಅದು ತೋರಿಸುವುದು ಮಗುವಿಗೆ ಎಷ್ಟು ಮಲಯಾಳ ಬರುತ್ತದೆ ಎಂಬುದನ್ನು, ಬರೆದುಕೊಳ್ಳುವುದು ಮಗು ದಡ್ಡ ಎಂದು.

ನಮ್ಮ ತಾಲೂಕು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಇರಬೇಕು ಎನ್ನುವ 350ಎ ವಿಧಿ ಸಂವಿಧಾನದೊಳಗೆ ಬಂದದ್ದೂ ಅದೇ ವರ್ಷದ ತಿದ್ದುಪಡಿಯಿಂದ. ಪ್ರತಿ ಮನವಿಯಲ್ಲಿಯೂ ಅದನ್ನು ಬರೆಯುತ್ತೇವೆ. ಆ ಕಡೆಯವರಿಗೆ ನಾವು ಮಲಯಾಳ ಬಾರದವರು, ನಿಮಗೆ ಕನ್ನಡ ಕೆಟ್ಟವರು. ಹತ್ತಾರು ಭಾಷೆ ಬಲ್ಲ ಗೋವಿಂದ ಪೈಗಳು ಮಂಜೇಶ್ವರದಲ್ಲಿ ಕುಳಿತು ಬರೆದ ಕನ್ನಡವನ್ನು ನಿಮ್ಮ ಪಠ್ಯಪುಸ್ತಕದಲ್ಲಿ ಓದುವಾಗ ಇದು ಯಾವ ಕನ್ನಡ ಎಂದು ನೀವು ಕೇಳಿರಲಾರಿರಿ. ಅದೇ ನೆಲದ ಮಾತು ನಮ್ಮದು. ಮಂಡೆ ಉಂಟು ಎನ್ನುವುದನ್ನು ನಾನು ಬಿಡುವುದಿಲ್ಲ.

ಮಗು ಈಗ ಪುಸ್ತಕದ ಕೊನೆಯ ಪುಟದಲ್ಲಿ ತನ್ನದೇ ಪಟ್ಟಿ ಮಾಡುತ್ತಿದ್ದಾಳೆ. ಕೂಟ್ಟುಕ, ಕೂಡು. ಕುರಯ್ಕ್ಕುಕ, ಕಳೆ. ಬುದ್ಧಿಮುಟ್ಟ್, ಕಷ್ಟ. ಅದನ್ನು ಅವಳ ಅಮ್ಮನಿಗೂ ಓದಿ ತೋರಿಸಿದ್ದಾಳೆ. ನಿನ್ನೆ ನಾಲ್ಕನೆಯದಾಗಿ ವಿವರ ಎಂದು ಬರೆದು, ಮುಂದೆ ಏನು ಬರೆಯಲಿ ಎಂದು ಕೇಳಿದಳು. ಅಲ್ಲಿ ಎರಡು ಸಾಲು ಬಿಡು ಎಂದೆ.