ಡಯಾಲಿಸಿಸ್ ಆಗುವವರಿಗೆ ಕ್ಯಾಲ್ಸಿಯಂ ಮಾತ್ರೆ ಊಟದ ಜೊತೆಗೇ ಯಾಕೆ?

ಸಿಂಧನೂರಿನಿಂದ ಕೇಳಿದ್ದೀರಿ: ಅಪ್ಪನ ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗೇ ಇದೆ, ಆದರೂ ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ ಊಟದ ಜೊತೆಗೇ ಕೊಡಿ ಅಂದಿದ್ದಾರೆ, ಯಾಕೆ ಎಂದು.

ಆ ಮಾತ್ರೆ ಮುಖ್ಯವಾಗಿ ಊಟದಲ್ಲಿರುವ ಫಾಸ್ಫರಸ್ ಎಂಬ ಖನಿಜವನ್ನು ಹಿಡಿಯಲು. ಕಿಡ್ನಿ ಕೆಟ್ಟಾಗ ಫಾಸ್ಫರಸ್ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಡಯಾಲಿಸಿಸ್‌ನಲ್ಲೂ ಸಾಕಷ್ಟು ಹೋಗುವುದಿಲ್ಲ. ಮಾತ್ರೆ ಊಟದಲ್ಲಿನ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದು ಮಲದ ಜೊತೆ ಹೊರಹಾಕುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಏನೂ ಇರುವುದಿಲ್ಲ, ಕ್ಯಾಲ್ಸಿಯಂ ಸುಮ್ನೆ ರಕ್ತಕ್ಕೆ ಸೇರುತ್ತದೆ. ಜಾಸ್ತಿಯಾದರೆ ರಕ್ತನಾಳದ ಗೋಡೆಯಲ್ಲಿ ಕೂತುಬಿಡುತ್ತದೆ. ಹೃದಯಕ್ಕೆ ಅದು ಅಪಾಯ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟವೇ: ಬೆರಳು ಜುಮ್ಮೆನ್ನುತ್ತವೆ, ಕಾಲು ಹಿಡಿದುಕೊಳ್ಳುತ್ತದೆ, ಪಿಟಿಎಚ್ (ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು) ಏರಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ.

ಡಯಾಲಿಸಿಸ್ ದ್ರವದಲ್ಲೂ ಕ್ಯಾಲ್ಸಿಯಂ ಇರುತ್ತದೆ, ಸಾಮಾನ್ಯವಾಗಿ ಲೀಟರಿಗೆ 1.25ರಿಂದ 1.5 ಮಿಲಿಮೋಲ್. ಮಾತ್ರೆ, ದ್ರವ, ವಿಟಮಿನ್ ಡಿ ಮೂರನ್ನೂ ಒಟ್ಟಿಗೆ ನೋಡಿ ಡಾಕ್ಟರೇ ಡೋಸ್ ಹೊಂದಿಸಬೇಕು. ದಯವಿಟ್ಟು ಮೆಡಿಕಲ್ ಶಾಪಿನಿಂದ ಬೇರೆ ಕ್ಯಾಲ್ಸಿಯಂ ತಂದು ಕೊಡಬೇಡಿ.

ನಮ್ಮ ರಾಯಚೂರು ಕಡೆ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಬೇಕೇ ಬೇಕು ಅಲ್ವಾ? ಶೇಂಗಾದಲ್ಲಿ ಫಾಸ್ಫರಸ್ ಚೆನ್ನಾಗಿಯೇ ಇದೆ. ಎಷ್ಟು ತಿನ್ನಬಹುದು ಎಂದು ಡಯಾಲಿಸಿಸ್ ಸೆಂಟರಿನಲ್ಲೇ ಕೇಳಿ. ತಿನ್ನುವ ಹೊತ್ತಿಗೆ ಮಾತ್ರೆ ಮಾತ್ರ ತಪ್ಪಿಸಬೇಡಿ.