ಎಸ್.ಓ.ಡಿ. ಒಂದೇ ಆಲ್ಬಮ್ ಮಾಡಿ ಯಾಕೆ ನಿಲ್ಲಿಸಿಬಿಟ್ರು? ಅದು ಮೆಟಲ್ಲಾ, ಪಂಕಾ?

ಎಸ್.ಓ.ಡಿ. ಅಂದ್ರೆ ಸ್ಟಾರ್ಮ್‌ಟ್ರೂಪರ್ಸ್ ಆಫ್ ಡೆತ್, ಅಮೆರಿಕದ ಬ್ಯಾಂಡು. ಎರಡೂ ಹೌದು. ಒಂದೇ ಆಲ್ಬಮ್ ಅನ್ನೋದು ಮಾತ್ರ ಪೂರ್ತಿ ಸರಿ ಇಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಇದು ಶುರುವಾಗಿದ್ದೇ ಟೈಮ್‌ಪಾಸ್‌ಗೆ. 1985ರಲ್ಲಿ ಆಂಥ್ರಾಕ್ಸ್ ಅನ್ನೋ ಮೆಟಲ್ ಬ್ಯಾಂಡ್‌ನವರು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ 'ಸ್ಪ್ರೆಡಿಂಗ್ ದ ಡಿಸೀಸ್' ಆಲ್ಬಮ್ ರೆಕಾರ್ಡ್ ಮಾಡ್ತಿದ್ರು, ಸ್ಕಾಟ್ ಇಯಾನ್ ತನ್ನ ಗಿಟಾರ್ ಭಾಗ ಮುಗಿಸಿ ಮಾಡೋಕೆ ಕೆಲಸ ಇಲ್ದೆ ಕೂತಿದ್ದ, ಹಾಗೇ ಗೀಚ್ತಾ ಗೀಚ್ತಾ ಸಾರ್ಜೆಂಟ್ ಡಿ ಅಂತ ಒಂದು ಸಿಡುಕು ಮೂತಿಯ ಕಾರ್ಟೂನ್ ಹುಟ್ಟಿಕೊಳ್ತು, ಕಂಡಕಂಡವರಿಗೆಲ್ಲ ಬೈಯೋ ಆ ಪಾತ್ರದ ಬಾಯಲ್ಲೇ ಹಾಡು ಬರೆಯೋಕೆ ಶುರು ಮಾಡಿದ. ಡ್ರಮ್ಸ್‌ಗೆ ಆಂಥ್ರಾಕ್ಸ್‌ನ ಚಾರ್ಲಿ ಬೆನಾಂಟೆ ಪಕ್ಕದಲ್ಲೇ ಇದ್ದ. ಬೇಸ್‌ಗೆ ಕರೆದಿದ್ದು ಡ್ಯಾನ್ ಲಿಲ್ಕರ್‌ನ. ಮಜಾ ಏನಂದ್ರೆ ಇಯಾನ್ ಜೊತೆ ಸೇರಿ ಆಂಥ್ರಾಕ್ಸ್ ಕಟ್ಟಿದವನೇ ಈ ಲಿಲ್ಕರ್, ಮೊದಲನೇ ಆಲ್ಬಮ್ ಆದ್ಮೇಲೆ ಅವನನ್ನ ಹೊರಗೆ ಹಾಕಿದ್ರು, ಅವನು ನ್ಯೂಕ್ಲಿಯರ್ ಅಸಾಲ್ಟ್ ಅಂತ ಬೇರೆ ಬ್ಯಾಂಡ್ ಮಾಡ್ಕೊಂಡಿದ್ದ, ಆದ್ರೂ ಕರೆದ ತಕ್ಷಣ ಬಂದ. ಹಾಡೋಕೆ ಬಿಲ್ಲಿ ಮಿಲಾನೋ, ಹಾರ್ಡ್‌ಕೋರ್ ಪಂಕ್ (ಪಂಕ್‌ನಲ್ಲೇ ಇನ್ನೂ ವೇಗದ, ಒರಟಾದ ಬಗೆ) ಕಡೆಯವನು, ಸೈಕೋಸ್ ಅನ್ನೋ ಬ್ಯಾಂಡಲ್ಲಿ ಬೇಸ್ ನುಡಿಸ್ತಿದ್ದ. ಇಪ್ಪತ್ತಕ್ಕೂ ಹೆಚ್ಚು ಟ್ರ್ಯಾಕ್, ಮೂರೇ ದಿನದಲ್ಲಿ ರೆಕಾರ್ಡಿಂಗು, ಒಟ್ಟು ಸೇರಿ ಅರ್ಧ ಗಂಟೇನೂ ಇಲ್ಲ.

ಈಗ ನಿಮ್ಮ ಮೆಟಲ್ಲಾ ಪಂಕಾ ವಿಷಯ. ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ಪೂರ್ತಿ ಥ್ರಾಶ್ ಮೆಟಲ್ (ಮೆಟಲ್‌ನ ವೇಗದ ಬಗೆ), ಬಲಗೈ ಆ ಥರ ಕತ್ತರಿಸಿದ ಹಾಗೆ ಹೊಡೆಯೋದು ಆಗಿನ ಪಂಕ್ ಹುಡುಗರಿಗೆ ಬರ್ತಿರ್ಲಿಲ್ಲ. ಆದ್ರೆ ಹಾಡಿನ ಅಳತೆ, ಗಾಯಕ ಸ್ವರ ಗಿರ ನೋಡದೆ ಕಿರುಚೋದು, ಲೀಡ್ ಗಿಟಾರಿಸ್ಟೇ ಇಲ್ದೆ ಇರೋದು, ಇದೆಲ್ಲ ಹಾರ್ಡ್‌ಕೋರ್. 'ಮಿಲ್ಕ್' ಹಾಕಿ ಕೇಳಿ. ಹಾಲು ಖಾಲಿ ಆಗಿದೆ ಅನ್ನೋ ಒಂದೇ ಸಿಟ್ಟು ಇಡೀ ಹಾಡು, ಅದರ ಕೆಳಗೆ ಬೆನಾಂಟೆ ಸ್ನೇರು ಕಿಕ್ಕು ಎರಡನ್ನೂ ತಡೆಯಿಲ್ಲದೆ ಬಾರಿಸ್ತಾನೆ ನೋಡಿ, ಈ ಥರದ ಹೊಡೆತಕ್ಕೆ ಬ್ಲಾಸ್ಟ್ ಬೀಟ್ ಅಂತಾರೆ, ಮೆಟಲ್‌ನಲ್ಲಿ ಅದರ ಬಗ್ಗೆ ಮಾತು ಬಂದಾಗೆಲ್ಲ ಜನ ಈ ಹಾಡನ್ನ ಎತ್ತೋದು ಅದಕ್ಕೇ. ತೀರಿಕೊಂಡ ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಹೆಸರಲ್ಲಿ ಒಂದು 'ಬ್ಯಾಲಡ್' ಬೇರೆ ಇದೆ, ಅವನ ಫೇಮಸ್ ರಿಫ್ ಒಂದು ಚೂರು ನುಡಿಸಿ 'ನೀನು ಸತ್ತೋದೆ' ಅಂತಾರೆ, ಮುಗೀತು, ಕೆಲವೇ ಸೆಕೆಂಡು.

ಆಲ್ಬಮ್ ಹೆಸರು 'ಸ್ಪೀಕ್ ಇಂಗ್ಲಿಷ್ ಆರ್ ಡೈ'. ಅದೇ ಹೆಸರಿನ ಹಾಡು ವಲಸೆ ಬಂದವರನ್ನ ಬೈಯೋದು. ಅದು ಪಾತ್ರದ ಮಾತು, ತಮಾಷೆ ಅಂತಲೇ ಅವರ ವಾದ. ನಂಗೆ ಅದು ಅರ್ಧ ಒಪ್ಪಿಗೆ ಅಷ್ಟೇ. ನಾಲ್ಕು ಜನ ಫ್ರೆಂಡ್ಸು ರೂಮಲ್ಲಿ ನಗಾಡಿದ್ದು ಕೇಳೋನ ಕಿವಿಗೆ ಅದೇ ಥರ ಬೀಳಲ್ಲ, ಗುಂಪಲ್ಲಿ ಕೂಗೋ ಕೆಲವರಂತೂ ನಿಜ ಅಂತಾನೇ ಕೂಗ್ತಾರೆ. ರಿಫ್ ಇಷ್ಟ ಪಡೋಕೆ ಸಾಹಿತ್ಯವನ್ನೂ ಸಮರ್ಥಿಸ್ಕೋಬೇಕು ಅಂತೇನಿಲ್ಲ ಬಿಡಿ.

ನಿಲ್ಲಿಸಿದ್ದಕ್ಕೆ ದೊಡ್ಡ ಜಗಳ ಏನೂ ಕಾರಣ ಅಲ್ಲ. 1985ರ ಅಕ್ಟೋಬರ್‌ನಲ್ಲೇ ಆಂಥ್ರಾಕ್ಸ್ ಆಲ್ಬಮ್ ಬಂತು, 1987ರ 'ಅಮಾಂಗ್ ದ ಲಿವಿಂಗ್' ಆಲ್ಬಮ್ ಹೊತ್ತಿಗೆ ಅವರು ಎಲ್ಲೋ ಮೇಲಕ್ಕೆ ಹೋಗ್ಬಿಟ್ರು, ಅಸಲಿ ಬ್ಯಾಂಡ್ ಓಡ್ತಿರೋವಾಗ ಸೈಡ್ ಪ್ರಾಜೆಕ್ಟ್‌ಗೆ ಟೈಮ್ ಎಲ್ಲಿಂದ ಬರ್ಬೇಕು. ಮಿಲಾನೋ ಸುಮ್ನೆ ಕೂರ್ಲಿಲ್ಲ, ಎಂ.ಓ.ಡಿ. ಅಂತ ಹೆಚ್ಚುಕಮ್ಮಿ ಅದೇ ದಾರಿಯ ಬ್ಯಾಂಡ್ ಮಾಡಿದ. 1992ರಲ್ಲಿ ಎಸ್.ಓ.ಡಿ.ಯ ಲೈವ್ ಆಲ್ಬಮ್ 'ಲೈವ್ ಅಟ್ ಬುಡೋಕಾನ್' ಬಂತು, ಬುಡೋಕಾನ್ ಅನ್ನೋ ದೊಡ್ಡ ಹಾಲ್ ಇರೋದು ಟೋಕಿಯೋದಲ್ಲಿ, ಇವರು ರೆಕಾರ್ಡ್ ಮಾಡಿದ್ದು ನ್ಯೂಯಾರ್ಕಲ್ಲಿ, ಅದೂ ಜೋಕೇ. ಎರಡನೇ ಸ್ಟುಡಿಯೋ ಆಲ್ಬಮ್ 'ಬಿಗ್ಗರ್ ದ್ಯಾನ್ ದ ಡೆವಿಲ್' 1999ರಲ್ಲಿ ಬಂತು, ಕೆಟ್ಟದಾಗಿಲ್ಲ, ಆದ್ರೆ ಕೂತು ಪ್ಲ್ಯಾನ್ ಮಾಡಿ ತಮಾಷೆ ಮಾಡಿದ ಹಾಗಿದೆ. ಮೊದಲನೇದ್ರಲ್ಲಿ ಯಾರು ಏನಂದ್ಕೋತಾರೋ ಅನ್ನೋ ಯೋಚನೇನೇ ಇರ್ಲಿಲ್ಲ, ಅದರ ಶಕ್ತಿನೂ ಅದೇ, ಹೊಲಸೂ ಅದೇ.

ಶುರು ಮಾಡೋದಾದ್ರೆ 'ಮಾರ್ಚ್ ಆಫ್ ದ ಎಸ್.ಓ.ಡಿ.'ಯಿಂದ ಮಾಡಿ, ಮಾತೇ ಇಲ್ಲ, ಬರೀ ರಿಫ್. ಇಷ್ಟ ಆದ್ರೆ ಡಿ.ಆರ್.ಐ. ಅನ್ನೋ ಬ್ಯಾಂಡ್ ಕಡೆ ಹೋಗಿ, ಅವರು ಪಂಕ್ ಕಡೆಯಿಂದ ಮೆಟಲ್‌ಗೆ ಬಂದವರು, ಪಂಕ್ ಮೆಟಲ್ ಬೆರೆಸೋ ಈ ಬಗೆಗೆ ಕ್ರಾಸ್‌ಓವರ್ ಅಂತಾರೆ, 1987ರಲ್ಲಿ 'ಕ್ರಾಸ್‌ಓವರ್' ಅಂತಲೇ ಆಲ್ಬಮ್‌ಗೆ ಹೆಸರಿಟ್ರು.