ಓದುಗರ ಪ್ರಶ್ನೆಗಳಿಗೆ ಉತ್ತರ: ಜಾದೂಗಾರರ ಬದುಕು, ಜಾದೂಗಾರರ ಸಾವು

ಪ್ರಶ್ನೆ: ಬಂದೂಕಿನ ಗುಂಡನ್ನು ಹಿಡಿಯುವ ಪ್ರದರ್ಶನ ನೀಡುತ್ತಿದ್ದ ಚೀನೀ ಜಾದೂಗಾರನೊಬ್ಬ ವೇದಿಕೆಯ ಮೇಲೆಯೇ ಗುಂಡು ತಗುಲಿ ಸತ್ತನೆಂದು ಕೇಳಿದ್ದೇನೆ. ಇದು ನಿಜವೇ? ಅದು ಕೊಲೆ ಎಂದೂ ಆತ್ಮಹತ್ಯೆ ಎಂದೂ ಹೇಳುವವರಿದ್ದಾರೆ. (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಗುಂಡು ತಗುಲಿದ್ದು ನಿಜ. ಆದರೆ ಆತ ಪ್ರಾಣ ಬಿಟ್ಟದ್ದು ಮರುದಿನ, ಆಸ್ಪತ್ರೆಯಲ್ಲಿ; ಮತ್ತು ಆತ ಚೀನೀಯನೇ ಅಲ್ಲ. ಚುಂಗ್ ಲಿಂಗ್ ಸೂ ಎಂಬ ಹೆಸರಿನಲ್ಲಿ ಲಂಡನ್ನಿನ ರಂಗಮಂದಿರಗಳನ್ನು ತುಂಬಿಸುತ್ತಿದ್ದವನು 1861ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದಲ್ಲಿ ಹುಟ್ಟಿದ ವಿಲಿಯಂ ಎಲ್ಸ್‌ವರ್ತ್ ರಾಬಿನ್ಸನ್. ಹ್ಯಾರಿ ಕೆಲ್ಲರ್ ಮತ್ತು ಅಲೆಕ್ಸಾಂಡರ್ ಹರ್ಮನ್ ಎಂಬ ಅಂದಿನ ಅಮೆರಿಕದ ಇಬ್ಬರು ಪ್ರಖ್ಯಾತ ಜಾದೂಗಾರರ ಬಳಿ ಆತ ವರ್ಷಗಟ್ಟಲೆ ತೆರೆಮರೆಯಲ್ಲಿ ದುಡಿದಿದ್ದ. ಅವರು ಚಪ್ಪಾಳೆ ಗಿಟ್ಟಿಸುತ್ತಿದ್ದ ಎಷ್ಟೋ ಚಮತ್ಕಾರಗಳ ಯಂತ್ರೋಪಕರಣಗಳನ್ನು ಸಿದ್ಧಪಡಿಸುತ್ತಿದ್ದವನು ಇವನೇ. ಕೈಚಳಕವಿತ್ತು, ಯಂತ್ರಜ್ಞಾನವಿತ್ತು, ಪ್ರೇಕ್ಷಕರನ್ನು ಮಾತಿನಿಂದ ಹಿಡಿದಿಡುವ ಕಲೆ ಮಾತ್ರ ಒಲಿದಿರಲಿಲ್ಲ.

1898ರಲ್ಲಿ ಚಿಂಗ್ ಲಿಂಗ್ ಫೂ ಎಂಬ ನಿಜವಾದ ಚೀನೀ ಜಾದೂಗಾರ ಅಮೆರಿಕಕ್ಕೆ ಬಂದ. ಬರಿದಾದ ಬಟ್ಟೆಯೊಂದನ್ನು ಝಾಡಿಸಿ, ಅದರ ಅಡಿಯಿಂದ ನೀರು ತುಂಬಿ ತುಳುಕುವ ದೊಡ್ಡ ಬೋಗುಣಿಯನ್ನು ತೆಗೆಯುವುದು ಅವನ ಹೆಸರಾಂತ ಪ್ರಯೋಗವಾಗಿತ್ತು. ಅದನ್ನು ಮಾಡಿ ತೋರಿಸಿದವರಿಗೆ ಸಾವಿರ ಡಾಲರ್ ಕೊಡುವುದಾಗಿ ಘೋಷಣೆಯೂ ಹೊರಟಿತು. ರಾಬಿನ್ಸನ್ ಮುಂದೆ ಬಂದಾಗ ಮಾತ್ರ ಅವನಿಗೆ ಅವಕಾಶ ಸಿಗಲಿಲ್ಲ. ಈ ನಿರಾಕರಣೆಯ ಕಹಿ ಅವನಲ್ಲಿ ಉಳಿದಿತ್ತೆಂದು ಊಹಿಸುವುದು ಕಷ್ಟವಲ್ಲ, ಏಕೆಂದರೆ 1900ರಲ್ಲಿ ಪ್ಯಾರಿಸ್ಸಿನ ರಂಗಮಂದಿರವೊಂದಕ್ಕೆ ಚೀನೀ ಜಾದೂಗಾರನೊಬ್ಬ ಬೇಕೆಂಬ ಸುದ್ದಿ ಬಂದಾಗ ಆತ ತಲೆ ಬೋಳಿಸಿಕೊಂಡು, ಜಡೆ ಕಟ್ಟಿಕೊಂಡು, ರೇಷ್ಮೆಯ ನಿಲುವಂಗಿ ತೊಟ್ಟು ಹೊರಟೇಬಿಟ್ಟ. ಅಲ್ಲಿಂದ ಲಂಡನ್ನಿಗೆ ಬಂದಮೇಲೆ ಇಟ್ಟುಕೊಂಡ ಹೆಸರೂ ಫೂನ ಹೆಸರಿನ ನೆರಳಿನಂತೆಯೇ ಇತ್ತು. ಚೀನೀಯನಿಗೆ ಇಂಗ್ಲಿಷ್ ಬಾರದೆಂದು ಎಲ್ಲರೂ ನಂಬುತ್ತಿದ್ದುದರಿಂದ ವೇದಿಕೆಯಲ್ಲಿ ಮಾತನಾಡಬೇಕಾದ ಅಗತ್ಯವೇ ತಪ್ಪಿತು. ಅವನ ದೊಡ್ಡ ಕೊರತೆಯೇ ಹೀಗೆ ವೇಷದೊಳಗೆ ಅಡಗಿಹೋಯಿತು. ಪತ್ರಕರ್ತರು ಬಂದರೆ ದುಭಾಷಿಯ ಮೂಲಕ ಉತ್ತರ. ಸುಯೀ ಸೀನ್ ಎಂಬ ಚೀನೀ ಹೆಸರಿನಲ್ಲಿ ಜೊತೆಗೆ ನಿಲ್ಲುತ್ತಿದ್ದವಳು ಅವನ ಅಮೆರಿಕನ್ ಪತ್ನಿ.

1905ರಲ್ಲಿ ಸೂ ಮತ್ತು ಫೂ ಇಬ್ಬರೂ ಲಂಡನ್ನಿನಲ್ಲಿ ಏಕಕಾಲಕ್ಕೆ ಪ್ರದರ್ಶನ ನೀಡುತ್ತಿದ್ದಾಗ, ಸೂ ಚೀನೀಯನೇ ಅಲ್ಲವೆಂದು ಫೂ ಬಹಿರಂಗ ಸವಾಲು ಹಾಕಿದ. ಪತ್ರಿಕಾ ಕಚೇರಿಯೊಂದರಲ್ಲಿ ಇಬ್ಬರೂ ಎದುರುಬದುರಾಗಬೇಕೆಂದು ಗೊತ್ತಾಯಿತು. ಗೊತ್ತುಪಡಿಸಿದ ದಿನ ಸೂ ಬಂದ, ಫೂ ಬರಲಿಲ್ಲ. ಸತ್ಯ ಹೇಳಿದವನೇ ಸೋತವನಂತೆ ಕಾಣಿಸಿಕೊಂಡ ಈ ಪ್ರಸಂಗ ನನಗೆ ಗುಂಡಿನ ಪ್ರಕರಣಕ್ಕಿಂತಲೂ ವಿಚಿತ್ರವೆನಿಸುತ್ತದೆ. ರಾಬಿನ್ಸನ್ ಯಾರೆಂಬುದು ಅವನ ಕಸುಬಿನವರಿಗೆ ಗೊತ್ತಿಲ್ಲದ ಸಂಗತಿಯೇನಾಗಿರಲಿಲ್ಲ. ಆದರೆ ರಂಜನೆಗಾಗಿ ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಅದನ್ನು ತಿಳಿಯುವ ಆಸಕ್ತಿಯಿರಲಿಲ್ಲ.

ಇನ್ನು ಸಾವಿನ ವಿಷಯ. ಚೀನಾದಲ್ಲಿ ವಿದೇಶೀಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯಲ್ಲಿ ಮರಣದಂಡನೆಗೆ ಗುರಿಯಾದವನ ವೇಷದಲ್ಲಿ ಆತ ನಿಲ್ಲುತ್ತಿದ್ದ. ಪ್ರೇಕ್ಷಕರು ಗುರುತು ಹಾಕಿಕೊಟ್ಟ ಗುಂಡುಗಳನ್ನು ಗುಟ್ಟಾಗಿ ಬದಲಿಸಿ ಬೇರೆ ಗುಂಡುಗಳನ್ನು ಬಂದೂಕಿಗೆ ತುಂಬಲಾಗುತ್ತಿತ್ತು; ಸಹಾಯಕರು ಗುಂಡು ಹಾರಿಸಿದೊಡನೆ, ಮೊದಲೇ ಕೈಯಲ್ಲಿ ಅಡಗಿಸಿಕೊಂಡಿದ್ದ ಗುರುತಿನ ಗುಂಡುಗಳು ಅವನು ಹಿಡಿದ ತಟ್ಟೆಗೆ ಬೀಳುತ್ತಿದ್ದವು. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳಲ್ಲಿ ನಳಿಕೆಯ ಕೆಳಗೆ, ಮದ್ದನ್ನು ಜಡಿಯುವ ಕೋಲನ್ನಿಡಲು ಇನ್ನೊಂದು ಕೊಳವೆ ಇರುತ್ತದೆ. ರಾಬಿನ್ಸನ್‌ನ ಬಂದೂಕುಗಳಲ್ಲಿ ಕಿಡಿ ಈ ಕೆಳಗಿನ ಕೊಳವೆಗೆ ಹೋಗುವಂತೆ ಮಾಡಲಾಗಿತ್ತು. ಅಲ್ಲಿನ ಬರಿಯ ಮದ್ದು ಸದ್ದು ಮಾಡಿ ಹೊಗೆಯುಗುಳುತ್ತಿತ್ತು, ಮೇಲಿನ ನಳಿಕೆಯ ಮದ್ದೂ ಗುಂಡೂ ಹಾಗೆಯೇ ಉಳಿಯುತ್ತಿದ್ದವು. ಪ್ರದರ್ಶನ ಮುಗಿದ ಮೇಲೆ ಆ ಗುಂಡನ್ನು ಹಾರಿಸಿ ಖಾಲಿ ಮಾಡುವ ಬದಲು, ಬಂದೂಕಿನ ಹಿಂಬದಿಯ ತಿರುಪನ್ನು ಬಿಚ್ಚಿ ಮದ್ದನ್ನೂ ಗುಂಡನ್ನೂ ಹೊರತೆಗೆಯುವುದು ಅವನ ರೂಢಿಯಾಗಿತ್ತು. ಹೀಗೆ ಮತ್ತೆ ಮತ್ತೆ ಬಿಚ್ಚಿ ಜೋಡಿಸಿದ್ದರಿಂದ ತಿರುಪಿನ ಎಳೆಗಳು ಸವೆದು, ನುಣ್ಣನೆಯ ಮದ್ದಿನ ಪುಡಿ ಸಂದಿಗಳಲ್ಲಿ ಸೇರಿಕೊಂಡಿತು. 1918ರ ಮಾರ್ಚ್ 23ರ ರಾತ್ರಿ, ಲಂಡನ್ನಿನ ವುಡ್ ಗ್ರೀನ್ ಎಂಪೈರ್ ರಂಗಮಂದಿರದಲ್ಲಿ, ಕಿಡಿ ಆ ಪುಡಿಯ ಜಾಡು ಹಿಡಿದು ಮೇಲಿನ ನಳಿಕೆಗೂ ತಲುಪಿತು. ಎದೆಗೆ ಗುಂಡು ಹೊಕ್ಕವನು ‘ಏನೋ ಆಗಿಹೋಯಿತು, ಪರದೆ ಇಳಿಸಿ’ ಎಂದು ಅಚ್ಚ ಇಂಗ್ಲಿಷಿನಲ್ಲಿ ಕೂಗಿದ.

ವಿಚಾರಣೆಯಲ್ಲಿ ತಜ್ಞರು ಬಂದೂಕನ್ನು ಬಿಚ್ಚಿ ಪರೀಕ್ಷಿಸಿದ ನಂತರ ಇದನ್ನು ಆಕಸ್ಮಿಕ ಸಾವೆಂದು ತೀರ್ಮಾನಿಸಲಾಯಿತು. ಕೊಲೆ, ಆತ್ಮಹತ್ಯೆಗಳ ಮಾತು ಆಗಲೂ ಹುಟ್ಟಿಕೊಂಡಿತ್ತು. ಸವೆದ ತಿರುಪೊಂದು ಎಲ್ಲವನ್ನೂ ವಿವರಿಸುತ್ತಿರುವಾಗ ಅದಕ್ಕೆ ಮೇಲೊಂದು ಸಂಚನ್ನು ಹೊಂದಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ: ಬಂಧನಗಳಿಂದ ಬಿಡಿಸಿಕೊಳ್ಳುವುದಕ್ಕೆ ಹೆಸರಾದ ಜಾದೂಗಾರ ಹೂಡಿನಿ ನೀರಿನ ತೊಟ್ಟಿಯಿಂದ ಬಿಡಿಸಿಕೊಳ್ಳಲಾಗದೆ ಸತ್ತನೇ? (ಹುಬ್ಬಳ್ಳಿಯ ವಿದ್ಯಾರ್ಥಿನಿ)

ಉತ್ತರ: ಇಲ್ಲ. ಈ ನಂಬಿಕೆ ಹರಡಲು 1953ರ ಹಾಲಿವುಡ್ ಚಲನಚಿತ್ರವೊಂದು ಬಹಳಮಟ್ಟಿಗೆ ಕಾರಣ. 1926ರ ಅಕ್ಟೋಬರಿನಲ್ಲಿ ಮಾಂಟ್ರಿಯಲ್‌ನ ರಂಗಮಂದಿರದ ಬಣ್ಣದ ಕೋಣೆಯಲ್ಲಿ ವಿದ್ಯಾರ್ಥಿಯೊಬ್ಬ ಅವನ ಹೊಟ್ಟೆಗೆ ಹಲವು ಬಾರಿ ಗುದ್ದಿದ. ಹೂಡಿನಿ ನೋವನ್ನೂ ಜ್ವರವನ್ನೂ ಲೆಕ್ಕಿಸದೆ ಡೆಟ್ರಾಯಿಟ್‌ಗೆ ಹೋಗಿ ಪ್ರದರ್ಶನ ನೀಡಿದ. ಆ ಬಳಿಕವೇ ಶಸ್ತ್ರಚಿಕಿತ್ಸೆಯಾಯಿತು. ಅಷ್ಟರಲ್ಲಿ ಒಡೆದ ಅಪೆಂಡಿಕ್ಸ್‌ನಿಂದ ಸೋಂಕು ಹೊಟ್ಟೆಯೊಳಗೆ ಹರಡಿತ್ತು. ಅಕ್ಟೋಬರ್ 31ರಂದು ಅವನು ತೀರಿಕೊಂಡ. ಗುದ್ದಿನಿಂದಲೇ ಅಪೆಂಡಿಕ್ಸ್ ಒಡೆಯಿತೆಂಬುದನ್ನು ಅನೇಕ ವೈದ್ಯರು ಒಪ್ಪುವುದಿಲ್ಲ. ಮೊದಲೇ ಇದ್ದ ಕಾಯಿಲೆಯ ನೋವನ್ನು ಗುದ್ದಿನ ನೋವೆಂದು ತಿಳಿದು ತಡಮಾಡಿದ್ದೇ ಮುಳುವಾಯಿತೆಂಬ ವಿವರಣೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಪ್ರಶ್ನೆ: ಪಿ. ಸಿ. ಸರ್ಕಾರ್ ಅವರು ಇಂಗ್ಲೆಂಡಿನ ದೂರದರ್ಶನದಲ್ಲಿ ಹುಡುಗಿಯೊಬ್ಬಳನ್ನು ನಿಜವಾಗಿ ಕೊಯ್ದರೆಂದು ಜನ ನಂಬಿದ್ದರಂತೆ, ಹೌದೇ? (ಮೈಸೂರಿನ ನಿವೃತ್ತ ಶಿಕ್ಷಕರು)

ಉತ್ತರ: ಹೌದು. 1956ರ ಏಪ್ರಿಲ್ 9ರಂದು ಬಿಬಿಸಿಯ ಪನೋರಮಾ ಕಾರ್ಯಕ್ರಮದಲ್ಲಿ ಸರ್ಕಾರ್ ಅವರು ವಿದ್ಯುತ್ ಗರಗಸದಿಂದ ತಮ್ಮ ಸಹಾಯಕಿಯನ್ನು ಕೊಯ್ದಂತೆ ತೋರಿಸಿದರು. ಆಮೇಲೆ ಆಕೆಯ ಕೈಯನ್ನು ಉಜ್ಜಿ ಎಬ್ಬಿಸಲು ನೋಡಿದರು, ಆಕೆ ಏಳಲಿಲ್ಲ. ಅವರು ಆಕೆಯ ಮೇಲೆ ಬಟ್ಟೆ ಮುಚ್ಚುತ್ತಿದ್ದಂತೆಯೇ ನಿರೂಪಕ ರಿಚರ್ಡ್ ಡಿಂಬಲ್‌ಬಿ ಕ್ಯಾಮೆರಾದ ಮುಂದೆ ಬಂದು ಕಾರ್ಯಕ್ರಮ ಮುಗಿಯಿತೆಂದು ಸಾರಿಬಿಟ್ಟರು. ಗಾಬರಿಗೊಂಡ ವೀಕ್ಷಕರ ಕರೆಗಳಿಂದ ಬಿಬಿಸಿಯ ದೂರವಾಣಿಗಳು ಬಿಡುವಿಲ್ಲದಾದವು. ಸಮಯ ಮೀರಿದ್ದರಿಂದ ಹಾಗಾಯಿತೆಂಬುದು ಕೊಟ್ಟ ಕಾರಣ. ಕಾಲಮಾಪನದಲ್ಲಿ ಅಷ್ಟು ಪಳಗಿದ್ದ ಕಲಾವಿದರಿಂದ ಅದು ಅರಿಯದೆ ಆದದ್ದೆಂದು ನಂಬುವವರು ಕಡಿಮೆ. ಲಂಡನ್ನಿನ ರಂಗಮಂದಿರವೊಂದರಲ್ಲಿ ಅವರ ಪ್ರದರ್ಶನಗಳು ಆಗಷ್ಟೇ ಆರಂಭವಾಗುವುದರಲ್ಲಿದ್ದವು, ಮರುದಿನದ ಪತ್ರಿಕೆಗಳ ಮುಖಪುಟ ಅದಕ್ಕೆ ಪುಕ್ಕಟೆ ಜಾಹೀರಾತಾಯಿತು.

ಈ ಒಂದು ಪ್ರಸಂಗದಿಂದಲೇ ಅವರನ್ನು ಅಳೆಯುವುದು ಸರಿಯಲ್ಲ. 1913ರಲ್ಲಿ ಇಂದಿನ ಬಾಂಗ್ಲಾದೇಶದ ತಂಗೈಲ್ ಪ್ರದೇಶದಲ್ಲಿ ಹುಟ್ಟಿ, ಗಣಪತಿ ಚಕ್ರವರ್ತಿಯವರ ಬಳಿ ವಿದ್ಯೆ ಕಲಿತ ಸರ್ಕಾರ್, ಮಹಾರಾಜನ ಉಡುಪು, ಪೇಟ, ಭಾರತೀಯ ರಂಗಸಜ್ಜಿಕೆಗಳೊಡನೆ ‘ಇಂದ್ರಜಾಲ’ವನ್ನು ದೇಶದೇಶಗಳಿಗೆ ಕೊಂಡೊಯ್ದರು. ಪಾಶ್ಚಾತ್ಯರು ಪೂರ್ವದ ವೇಷ ಹಾಕಿ ಹಣ ಮಾಡುತ್ತಿದ್ದ ಕಸುಬಿನಲ್ಲಿ ಪೂರ್ವದವರೊಬ್ಬರು ತಮ್ಮದೇ ಹೆಸರಿನಲ್ಲಿ ದೊಡ್ಡ ತಂಡ ಕಟ್ಟಿ ಗೆದ್ದದ್ದು ಸಣ್ಣ ಮಾತಲ್ಲ. 1964ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 1971ರ ಜನವರಿ 6ರಂದು ಜಪಾನಿನ ಹೊಕ್ಕೈಡೋದಲ್ಲಿ, ಪ್ರವಾಸದ ನಡುವೆಯೇ ಹೃದಯಾಘಾತದಿಂದ ಅವರು ನಿಧನರಾದರು. ಒಪ್ಪಿಕೊಂಡಿದ್ದ ಉಳಿದ ಪ್ರದರ್ಶನಗಳನ್ನು ನಡೆಸಿಕೊಟ್ಟವರು ಅವರ ಮಗ ಪ್ರದೀಪ್ ಚಂದ್ರ.